ಎರಡು ಶಾಸ್ತ್ರಗಳ ಸಹಾಧ್ಯಯನ

ಮಾನಸಶಾಸ್ತ್ರ, ಅಪರಾಧಶಾಸ್ತ್ರ ಎಂಬ ಎರಡು ವಿದ್ಯೆಗಳ ಹೆಸರುಗಳು ನಮ್ಮ ಗಂಗಾವತಿಯ ಸೀಮೆಯಲ್ಲಿ ಈಗ ಅಪರಿಚಿತವಾಗಿ ಉಳಿದಿಲ್ಲ. ಕಾಲೇಜುಗಳ ಪ್ರವೇಶದ ದಿನಗಳು ಬಂದುವೆಂದರೆ ಭತ್ತದ ಅಡತಿಯ ಕಟ್ಟೆಯ ಮೇಲೆ ಕುಳಿತವರ ಬಾಯಲ್ಲಿಯೂ ಇವು ಕೇಳಬರುವವು. ಆದರೆ ಹೆಸರು ತಿಳಿದಷ್ಟು ಸ್ವರೂಪವು ತಿಳಿದಿಲ್ಲ. ಒಂದನ್ನು ಹುಚ್ಚರ ವಿದ್ಯೆಯೆಂದೂ ಇನ್ನೊಂದನ್ನು ಕಳ್ಳರ ವಿದ್ಯೆಯೆಂದೂ ಕರೆದು ಜನರು ಸುಮ್ಮನಾಗುತ್ತಾರೆ. ಇವೆರಡನ್ನೂ ಕೂಡಿಯೇ ಓದುವೆನೆಂದು ಮನೆಯ ಹೆಣ್ಣುಮಗಳೊಬ್ಬಳು ಹೇಳಿದರಂತೂ ಹಿರಿಯರ ಎದೆಯಲ್ಲಿ ದಿಗಿಲು ಹುಟ್ಟುವದು ಸಹಜವೇ ಸರಿ.

ನಮ್ಮ ಮನೆಯಲ್ಲಿಯೇ ಈ ಪ್ರಸಂಗವು ಒದಗಿತು. ನನ್ನ ಅಣ್ಣನ ಮೊಮ್ಮಗಳು ಧಾರವಾಡಕ್ಕೆ ಹೋಗಿ ಈ ಎರಡು ವಿಷಯಗಳನ್ನೇ ಆರಿಸಿಕೊಳ್ಳುವೆನೆಂದು ಹಟ ಹಿಡಿದಳು. ಮನೆಯವರ ಆಕ್ಷೇಪಣೆಗಳು ಮೂರು. ಮೊದಲನೆಯದು, ಇದರಿಂದ ಅನ್ನ ಹುಟ್ಟುವದೇ ಎಂಬದು. ಎರಡನೆಯದು, ಕೊಲೆ ಕಳವುಗಳ ಕಥೆಯನ್ನು ದಿನಂಪ್ರತಿ ಓದಿದರೆ ಮಗುವಿನ ಮನಸ್ಸು ಕೆಡುವದಿಲ್ಲವೇ ಎಂಬದು. ಮೂರನೆಯದು, ಇದೆಲ್ಲ ಪರದೇಶದ ವಿದ್ಯೆ, ನಮ್ಮ ಪರಂಪರೆಗೂ ಇದಕ್ಕೂ ಏನು ಸಂಬಂಧ ಎಂಬದು. ನಾನು ಪಾಠಶಾಲೆಯಲ್ಲಿ ಅಮರವನ್ನೂ ಸಿದ್ಧಾಂತಕೌಮುದಿಯನ್ನೂ ಉರುಹೊಡೆದು, ಮುಂದೆ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತನಾದವನು. ಈ ನವೀನ ಶಾಸ್ತ್ರಗಳಲ್ಲಿ ಪದವೀಧರನಲ್ಲ. ಆದರೂ ಮನೆಗೆ ಹಿರಿಯನೆಂದು ನನ್ನ ಅಭಿಪ್ರಾಯವನ್ನು ಕೇಳಿದ್ದರಿಂದ, ಆ ಮಗುವು ತರಿಸಿದ ಪುಸ್ತಕಗಳನ್ನು ಕೆಲವು ತಿಂಗಳು ಓದಿದೆನು. ನನ್ನ ಹಳೆಯ ಗ್ರಂಥಗಳನ್ನೂ ಮರಳಿ ತೆರೆದೆನು. ಹಾಗೆ ಓದಿ ಕಂಡುಕೊಂಡದ್ದನ್ನು ವಾಚಕರ ಮುಂದಿಡುವದು ಈ ಲೇಖನದ ಉದ್ದೇಶವು.

ಮೊದಲು ಈ ಎರಡರ ಸಂಬಂಧವನ್ನು ನೋಡುವಾ. ಅಪರಾಧಶಾಸ್ತ್ರವು ಕೃತ್ಯದಿಂದ ಆರಂಭಿಸುವದು. ಏನು ನಡೆಯಿತು, ಎಲ್ಲಿ ನಡೆಯಿತು, ಯಾವ ಊರಿನಲ್ಲಿ ಯಾವ ಕಾಲದಲ್ಲಿ ಇಂಥವು ಹೆಚ್ಚುವವು, ಶಿಕ್ಷೆಯಿಂದ ಅವು ತಗ್ಗುವವೇ ಎಂಬಿವು ಅದರ ಪ್ರಶ್ನೆಗಳು. ಮಾನಸಶಾಸ್ತ್ರವು ಕರ್ತೃವಿನಿಂದ ಆರಂಭಿಸುವದು. ಮನುಷ್ಯನು ಹೇಗೆ ಕಾಣುತ್ತಾನೆ, ಹೇಗೆ ನೆನೆಯುತ್ತಾನೆ, ಹೇಗೆ ಅಂಜುತ್ತಾನೆ, ಹೇಗೆ ಕೋಪಗೊಳ್ಳುತ್ತಾನೆ ಎಂಬಿವು ಇದರ ಪ್ರಶ್ನೆಗಳು. ನ್ಯಾಯಸ್ಥಾನದಲ್ಲಿ ಇವೆರಡೂ ಕೂಡಲೇಬೇಕು. ಏಳು ವರ್ಷದೊಳಗಿನ ಕೂಸು ಮಾಡಿದ್ದು ಅಪರಾಧವಲ್ಲವೆಂದು ನಮ್ಮ ದೇಶದ ಕಾನೂನು ಹೇಳುತ್ತದೆ. ಚಿತ್ತವಿಕಲತೆಯಿಂದ ತಾನು ಮಾಡುವ ಕೃತ್ಯದ ಸ್ವರೂಪವನ್ನೇ ಅರಿಯದವನು ಮಾಡಿದ್ದೂ ಅಪರಾಧವಲ್ಲವೆಂದು ಹೇಳುತ್ತದೆ. ಈ ಎರಡನೆಯ ನಿಯಮವು 1860 ರ ದಂಡಸಂಹಿತೆಯಲ್ಲಿ 84 ನೆಯ ಕಲಮಾಗಿತ್ತು. 2024 ರ ಜುಲೈ 1 ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 22 ನೆಯ ಕಲಮಾಗಿದೆ. ಕೈಯು ಒಂದೇ ಕೆಲಸವನ್ನು ಮಾಡಿದರೂ ಮನಸ್ಸು ಬೇರೆಯಾದರೆ ಫಲವು ಬೇರೆಯಾಗುವದೆಂಬದು ಇದರ ತಾತ್ಪರ್ಯವು.

ಇದಕ್ಕೆ ದೃಷ್ಟಾಂತವನ್ನು ದೂರದಿಂದ ತರಬೇಕಾಗಿಲ್ಲ. ನಮ್ಮ ಊರಿಗೆ ಸಮೀಪದ ಆನೆಗುಂದಿಯ ಬೆಟ್ಟಗಳನ್ನು ಜನರು ಕಿಷ್ಕಿಂಧೆಯೆಂದು ನಂಬಿ ಬಂದಿದ್ದಾರೆ. ವಾಲಿಯ ಕೋಟೆಯೆಂದು ತೋರಿಸುವ ಸ್ಥಳವೂ ಅಲ್ಲಿ ಉಂಟು. ಮಾಯಾವಿಯೆಂಬ ಅಸುರನನ್ನು ಬೆನ್ನಟ್ಟಿ ವಾಲಿಯು ಬಿಲವನ್ನು ಹೊಕ್ಕನು. ಸುಗ್ರೀವನು ವರ್ಷಕಾಲ ಬಾಗಿಲಲ್ಲಿ ಕಾದನು. ಕೊನೆಗೆ ಬಿಲದಿಂದ ನೊರೆಗೂಡಿದ ರಕ್ತವು ಹರಿದುಬಂದಿತು. ಅಸುರರ ಗರ್ಜನೆಯು ಕೇಳಿಸಿತು. ಅಣ್ಣನು ಸತ್ತನೆಂದು ತಿಳಿದು ಸುಗ್ರೀವನು ಬಂಡೆಯಿಂದ ಬಾಗಿಲನ್ನು ಮುಚ್ಚಿ ಹಿಂದಿರುಗಿದನು. ವಾಲಿಯು ಬದುಕಿ ಬಂದಾಗ ಕಂಡದ್ದೇನು? ಮುಚ್ಚಿದ ಬಾಗಿಲು, ಸಿಂಹಾಸನದ ಮೇಲೆ ಕುಳಿತ ತಮ್ಮ. ಬಂಡೆಯು ಒಂದೇ, ಅದನ್ನು ಒಬ್ಬನು ಭಯದ ಕಾರ್ಯವೆಂದನು, ಇನ್ನೊಬ್ಬನು ದ್ರೋಹದ ಕಾರ್ಯವೆಂದನು. ಬಂಡೆಯನ್ನು ಅಳೆದು ತೂಗಿದರೆ ಈ ವ್ಯಾಜ್ಯವು ತೀರದು. ಅದನ್ನು ಉರುಳಿಸಿದವನು ಆ ಕ್ಷಣದಲ್ಲಿ ಏನನ್ನು ಕಂಡನು, ಏನನ್ನು ಕೇಳಿದನು, ಅದರಿಂದ ಏನನ್ನು ಊಹಿಸಿದನು ಎಂಬದನ್ನು ವಿಚಾರಿಸುವವರು ಕಿಷ್ಕಿಂಧೆಯಲ್ಲಿ ಯಾರೂ ಇರಲಿಲ್ಲ. ಮುಂದಿನ ಅನರ್ಥವು ಎಲ್ಲರಿಗೂ ತಿಳಿದದ್ದೇ.

ಇನ್ನು ಪರದೇಶದ ವಿದ್ಯೆಯೆಂಬ ಆಕ್ಷೇಪಣೆ. ಈ ಶಾಸ್ತ್ರಗಳ ಇಂದಿನ ರೂಪವು ಯುರೋಪಿನಿಂದ ಬಂದಿತೆಂಬದು ನಿಜವು. ಆದರೆ ಕನ್ನಡನಾಡಿಗೆ ಅದು ನಿನ್ನೆ ಮೊನ್ನೆ ಬಂದದ್ದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮಾನಸಶಾಸ್ತ್ರದ ವಿಭಾಗವು 1924 ರಲ್ಲಿಯೇ ಆರಂಭವಾಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಪಂಡಿತರ ಶಿಷ್ಯರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿ ಬೆಳೆಯಿಸಿದರು. ಇವರೇ 1935 ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಸ್ಥಾಪಿಸಿದವರು. ಆಕಾಶವಾಣಿಯೆಂಬ ಹೆಸರು ಅಲ್ಲಿಂದಲೇ ಪ್ರಸಿದ್ಧವಾಯಿತು. ನಮ್ಮ ಸೀಮೆಯು ಆಗ ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದರಿಂದ, 1918 ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವೇ ನಮ್ಮ ಹಿರಿಯರಿಗೆ ಗತಿಯಾಗಿತ್ತು. ಅಲ್ಲಿ ಪಾಠವು ಉರ್ದು ಭಾಷೆಯಲ್ಲಿ ನಡೆಯುತ್ತಿತ್ತು. ಈಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾನಸಶಾಸ್ತ್ರಕ್ಕೂ ಅಪರಾಧಶಾಸ್ತ್ರಕ್ಕೂ ಬೇರೆಬೇರೆ ವಿಭಾಗಗಳಿವೆ. ಗಂಗಾವತಿಯ ಮಗುವಿಗೆ ಅದು ಒಂದು ಹಗಲಿನ ಪ್ರಯಾಣವು.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಮೌನವಾಗಿದ್ದರೆಂದು ತಿಳಿಯುವದೂ ಸರಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909 ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅದರ ನಾಲ್ಕನೆಯ ಅಧಿಕರಣಕ್ಕೆ ಕಂಟಕಶೋಧನವೆಂದು ಹೆಸರು. ಅಲ್ಲಿ ಅಕಸ್ಮಾತ್ತಾಗಿ ಸತ್ತವನ ದೇಹವನ್ನು ಹೇಗೆ ಪರೀಕ್ಷಿಸಬೇಕು, ಉಸಿರುಗಟ್ಟಿಸಿದ್ದೋ, ನೀರಲ್ಲಿ ಮುಳುಗಿದ್ದೋ, ವಿಷ ತಿಂದದ್ದೋ ಎಂಬದನ್ನು ಯಾವ ಚಿಹ್ನೆಗಳಿಂದ ತಿಳಿಯಬೇಕು ಎಂಬ ವಿವರವಿದೆ. ಅಷ್ಟಕ್ಕೇ ನಿಲ್ಲದೆ ಗ್ರಂಥಕಾರನು ಕೊಲೆಗೆ ರೋಷವು ಮೂಲವೆಂದೂ, ಆ ರೋಷಕ್ಕೆ ದಾಯಾದ್ಯದ ಕಲಹ, ವೃತ್ತಿಯ ಸ್ಪರ್ಧೆ, ವ್ಯಾಪಾರದ ವೈಷಮ್ಯ ಮೊದಲಾದವು ಮೂಲಗಳೆಂದೂ ಎಣಿಸುತ್ತಾನೆ. ದೇಹದಿಂದ ಮನಸ್ಸಿಗೆ ಹೋಗುವ ಈ ಕ್ರಮವೇ ಇಂದು ಆ ಮಗುವು ಓದಬಯಸುವ ಎರಡು ವಿಷಯಗಳ ಕ್ರಮವು. ಅದೇ ಅಧಿಕರಣದಲ್ಲಿ ಚಿತ್ರಹಿಂಸೆಯಿಂದ ಬಾಯಿ ಬಿಡಿಸುವ ವಿಧಾನಗಳೂ ಇವೆಯೆಂಬದನ್ನು ಮರೆಮಾಚಬಾರದು. ಪ್ರಾಚೀನವೆಂದ ಮಾತ್ರಕ್ಕೆ ಎಲ್ಲವೂ ಗ್ರಾಹ್ಯವಲ್ಲ.

ಶೂದ್ರಕನ ಮೃಚ್ಛಕಟಿಕದಲ್ಲಿ ಶರ್ವಿಲಕನು ಕನ್ನ ಹಾಕುವದನ್ನು ಒಂದು ಶಾಸ್ತ್ರದಂತೆ ವಿವರಿಸುತ್ತಾನೆ. ಅವನು ಹುಟ್ಟುಗಳ್ಳನಲ್ಲ, ಓದಿದ ಬ್ರಾಹ್ಮಣನು. ದಾಸಿಯಾಗಿದ್ದ ಪ್ರಿಯೆಯನ್ನು ಬಿಡಿಸಿಕೊಳ್ಳಲು ಹಣ ಬೇಕಾಗಿ ಕಳವಿಗೆ ಇಳಿದವನು. ಅದೇ ನಾಟಕದ ಒಂಬತ್ತನೆಯ ಅಂಕದಲ್ಲಿ ನಿರಪರಾಧಿಯಾದ ಚಾರುದತ್ತನು ಮೇಲುನೋಟದ ಸಾಕ್ಷ್ಯದಿಂದಲೇ ವಧ್ಯನೆನಿಸುತ್ತಾನೆ. ಕದ್ದವನಲ್ಲಿ ಒಳ್ಳೆಯತನವೂ ಸಾಕ್ಷ್ಯದಲ್ಲಿ ಸುಳ್ಳೂ ಇರಬಹುದೆಂಬದನ್ನು ಕವಿಯು ಒಂದೇ ಕೃತಿಯಲ್ಲಿ ತೋರಿಸಿದ್ದಾನೆ.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ನಮ್ಮ ಸೀಮೆಗೆ ಸೇರಿದ ಇನ್ನೊಂದು ಗ್ರಂಥವು. ಅದಾವುದೆಂದರೆ ಕಲ್ಯಾಣದಲ್ಲಿ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ. ಆ ಅರಸನು 1076 ರಿಂದ 1126 ರ ವರೆಗೆ ಆಳಿದನು. ದಾಯಭಾಗದ ವಿಷಯದಲ್ಲಿ ಈ ಗ್ರಂಥದ ಕೀರ್ತಿಯು ದೇಶಕ್ಕೆಲ್ಲ ಗೊತ್ತು. ಅದರ ವ್ಯವಹಾರಾಧ್ಯಾಯದಲ್ಲಿ ಒಂದು ಸಣ್ಣ ಪ್ರಕರಣವಿದೆ. ನಮ್ಮ ಗುರುಗಳು ಅದನ್ನು ಓದಿಸುವಾಗ ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ವಿವರಿಸಿದ್ದರು. ನ್ಯಾಯಸಭೆಯಲ್ಲಿ ನಿಂತ ದುಷ್ಟನನ್ನು ಹೇಗೆ ಗುರುತಿಸಬೇಕೆಂದು ಸ್ಮೃತಿಯು ಚಿಹ್ನೆಗಳನ್ನು ಹೇಳುತ್ತದೆ: ನಿಂತಲ್ಲಿ ನಿಲ್ಲನು, ತುಟಿಯಂಚನ್ನು ನೆಕ್ಕುವನು, ಹಣೆಯು ಬೆವರುವದು, ಮುಖವು ಬಣ್ಣಗೆಡುವದು, ಬಾಯಿ ಒಣಗಿ ಮಾತು ತಡವರಿಸುವದು. ಇಷ್ಟನ್ನು ಓದಿದವನು, ಹಾಗಾದರೆ ಬೆವರಿದವನೇ ಕಳ್ಳನೆಂದು ಹೊರಡುವ ಸಂಭವವುಂಟು. ವಿಜ್ಞಾನೇಶ್ವರನು ಅಲ್ಲಿಯೇ ತಡೆಯುತ್ತಾನೆ. ಈ ಚಿಹ್ನೆಗಳಿಂದ ದೋಷದ ಸಂಭಾವನೆಯು ಮಾತ್ರ ತೋರುವದೇ ಹೊರತು ನಿಶ್ಚಯವು ಹುಟ್ಟುವದಿಲ್ಲವೆಂದೂ, ಸ್ವಭಾವದಿಂದ ಬಂದ ವಿಕಾರಕ್ಕೂ ಕಾರಣಾಂತರದಿಂದ ಬಂದ ವಿಕಾರಕ್ಕೂ ಭೇದವನ್ನು ತಿಳಿಯುವದು ಕಷ್ಟವೆಂದೂ, ಚತುರನೊಬ್ಬನು ಆ ಭೇದವನ್ನು ತಿಳಿದರೂ ಅಷ್ಟರಿಂದಲೇ ಒಬ್ಬನನ್ನು ಸೋತವನೆಂದು ತೀರ್ಮಾನಿಸಕೂಡದೆಂದೂ ಅವನ ಅಭಿಪ್ರಾಯವು.

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯನ್ನು ನಾವೆಲ್ಲರೂ ಆಡುತ್ತೇವೆ. ಅದು ಜಾಣ ಗಾದೆ. ಆದರೆ ಕಳ್ಳನಲ್ಲದವನೂ ಅಂಜಿ ಹೆಗಲು ಮುಟ್ಟಿಕೊಳ್ಳಬಹುದೆಂಬದನ್ನು ಗಾದೆಯು ಹೇಳುವದಿಲ್ಲ. ಒಂಬತ್ತು ಶತಮಾನಗಳ ಹಿಂದೆಯೇ ಕಲ್ಯಾಣದ ಪಂಡಿತನು ಹೇಳಿದ್ದಾನೆ.

ಈ ಮಾತು ಎಷ್ಟು ನವೀನವಾದದ್ದೆಂಬದನ್ನು ನೋಡಿರಿ. ಇಂದು ಸುಳ್ಳನ್ನು ಪತ್ತೆ ಹಚ್ಚುವ ಯಂತ್ರವೆಂದು ಹೇಳಲಾಗುವ ಪಾಲಿಗ್ರಾಫು ಅಳೆಯುವದಾದರೂ ಏನನ್ನು? ಉಸಿರಾಟವನ್ನು, ರಕ್ತದ ಒತ್ತಡವನ್ನು, ನಾಡಿಯನ್ನು, ಚರ್ಮದ ಬೆವರನ್ನು. ಹಣೆಯ ಬೆವರನ್ನು ಕಣ್ಣಿನಿಂದ ನೋಡುವ ಬದಲು ತಂತಿಯಿಂದ ನೋಡುವದಷ್ಟೇ ಭೇದವು. ಔಷಧವನ್ನು ಚುಚ್ಚಿ ಅರೆನಿದ್ರೆಯಲ್ಲಿ ಮಾತಾಡಿಸುವ ಮಂಪರು ಪರೀಕ್ಷೆಯೂ, ಮೆದುಳಿನ ವಿದ್ಯುತ್ತರಂಗಗಳನ್ನು ಬರೆದುಕೊಳ್ಳುವ ಪರೀಕ್ಷೆಯೂ ನಮ್ಮ ಬೆಂಗಳೂರಿನಲ್ಲಿ ಬಹಳವಾಗಿ ನಡೆದುವು. ಇವುಗಳನ್ನು ಪ್ರಶ್ನಿಸಿದ ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010 ರ ಮೇ 5 ರಂದು ತೀರ್ಪು ಕೊಟ್ಟಿತು. ಒಬ್ಬನ ಇಚ್ಛೆಗೆ ವಿರುದ್ಧವಾಗಿ ಈ ಮೂರು ಪರೀಕ್ಷೆಗಳಲ್ಲಿ ಯಾವುದನ್ನೂ ನಡೆಸಕೂಡದು. ಅದು ಸಂವಿಧಾನದ 20 ನೆಯ ಮತ್ತು 21 ನೆಯ ಅನುಚ್ಛೇದಗಳಿಗೆ ವಿರುದ್ಧವು. ಇಚ್ಛೆಯಿಂದ ಒಪ್ಪಿದರೂ ಪರೀಕ್ಷೆಯ ಫಲಿತವೇ ಸಾಕ್ಷ್ಯವೆನಿಸದು ಎಂದು ಅದು ವಿಧಿಸಿತು. ಈ ಪರೀಕ್ಷೆಗಳ ವಿಶ್ವಾಸಾರ್ಹತೆಯನ್ನು ಕುರಿತು ಮಾನಸಶಾಸ್ತ್ರಜ್ಞರು ಎತ್ತಿದ ಸಂದೇಹಗಳನ್ನೂ ನ್ಯಾಯಾಧೀಶರು ಆ ತೀರ್ಪಿನಲ್ಲಿ ಪರಾಮರ್ಶಿಸಿದ್ದಾರೆ. ಅಪರಾಧಶಾಸ್ತ್ರವನ್ನು ಮಾತ್ರ ಓದಿದವನಿಗೆ ಯಂತ್ರದ ಮೋಹವು ಹತ್ತಬಹುದು. ಅಂಜಿಕೆಯ ಬೆವರಿಗೂ ಅಪರಾಧದ ಬೆವರಿಗೂ ರುಚಿ ಒಂದೇ ಎಂಬದನ್ನು ಮಾನಸಶಾಸ್ತ್ರವು ನೆನಪಿಸುವದು.

ಇದು ನನಗೆ ಪುಸ್ತಕದ ಮಾತಾಗಿ ಉಳಿದಿಲ್ಲ. ನಾನು ಸೇವೆಯಲ್ಲಿದ್ದ ಒಂದು ಹಳ್ಳಿಯ ಶಾಲೆಯಲ್ಲಿ, ಅದರ ಹೆಸರು ಇಲ್ಲಿ ಬೇಡ, ಒಮ್ಮೆ ಮಕ್ಕಳ ಪರೀಕ್ಷಾ ಶುಲ್ಕದ ಹಣವು ಕಾಣೆಯಾಯಿತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೇಳಲಾಯಿತು. ಒಬ್ಬ ಹುಡುಗನು ಗಡಗಡ ನಡುಗಿದನು; ಬಾಯಿಯಿಂದ ಮಾತು ಹೊರಡಲಿಲ್ಲ. ಒಂದು ಕಾಲಕ್ಕೆ ಸರಕಾರವು ಇಡೀ ಕುಲವನ್ನೇ ಅಪರಾಧಿಗಳೆಂದು ಬರೆದಿಟ್ಟಿದ್ದ ಸಮುದಾಯಗಳಲ್ಲಿ ಅವನದೂ ಒಂದು. ಇನ್ನು ವಿಚಾರಿಸುವದೇನು ಉಳಿಯಿತೆಂದು ನೆರೆದವರು ಅಂದರು. ನಾನು ಮಿತಾಕ್ಷರಾದ ಮಾತನ್ನು ನೆನೆದು, ನಡುಗಿದ್ದು ಸಾಕ್ಷಿಯಲ್ಲ, ಹಣವು ಸಿಕ್ಕುವವರೆಗೆ ಯಾರ ಹೆಸರನ್ನೂ ಎತ್ತಬೇಡಿರಿ ಎಂದು ಬೇಡಿಕೊಂಡೆನು. ಮೂರನೆಯ ದಿನ ಹಾಜರಿ ಪುಸ್ತಕಕ್ಕೆ ಹಾಕಿದ್ದ ಕಂದು ಕಾಗದದ ಹೊದಿಕೆಯ ಮಡಿಕೆಯಲ್ಲಿ ಆ ನೋಟುಗಳು ಇದ್ದಂತೆಯೇ ಸಿಕ್ಕಿದುವು. ಯಾರೂ ಕದ್ದಿರಲಿಲ್ಲ. ಆದರೆ ಆ ಹುಡುಗನು ಮರುದಿನದಿಂದಲೇ ಶಾಲೆಗೆ ಬರುವದನ್ನು ಬಿಟ್ಟಿದ್ದನು. ಎರಡು ಸಲ ಅವರ ಗುಡಿಸಲಿಗೆ ಹೋದೆನು. ಅವನ ತಂದೆಯು ಕೂಡ್ರಲು ಕಂಬಳಿ ಹಾಸಿ, ನೀರು ಕೊಟ್ಟು, ಮರ್ಯಾದೆಯಿಂದಲೇ ಮಾತಾಡಿದನು. ಮಗನನ್ನು ಮಾತ್ರ ಕಳಿಸಲಿಲ್ಲ. ಆ ಹುಡುಗನು ಲೆಕ್ಕದಲ್ಲಿ ಚುರುಕಾಗಿದ್ದನು. ಏಳನೆಯ ಇಯತ್ತೆಗೆ ಅವನ ಓದು ನಿಂತಿತು.

ಒಂದು ಮಗುವು ಬೆದರಿ ನಡುಗುವದಕ್ಕೆ ಅದರ ಹಿಂದೆ ಎಷ್ಟು ಚರಿತ್ರೆ ಇರಬಹುದೆಂಬದನ್ನು ಅಪರಾಧಶಾಸ್ತ್ರದ ಪುಸ್ತಕಗಳೇ ಹೇಳುತ್ತವೆ. ಇಟಲಿಯ ಲೊಂಬ್ರೋಸೋ ಎಂಬ ವೈದ್ಯನು 1876 ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಪರಾಧಿಯು ಹುಟ್ಟಿನಿಂದಲೇ ಅಪರಾಧಿಯೆಂದೂ, ದವಡೆ ಕಿವಿ ತಲೆಬುರುಡೆಗಳ ಆಕಾರದಿಂದ ಅವನನ್ನು ಗುರುತಿಸಬಹುದೆಂದೂ ವಾದಿಸಿದನು. ಅದಕ್ಕಿಂತ ಮೊದಲೇ, 1871 ರಲ್ಲಿ, ಆಂಗ್ಲ ಸರಕಾರವು ನಮ್ಮ ದೇಶದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯದೆಯನ್ನು ಮಾಡಿ, ಜನಾಂಗಗಳಿಗೆ ಜನಾಂಗಗಳನ್ನೇ ಪಟ್ಟಿಗೆ ಸೇರಿಸಿತ್ತು. ಅಂಥವರನ್ನು ಕೂಡಿಹಾಕಿದ ಹುಬ್ಬಳ್ಳಿಯ ಬೇಲಿಯೊಳಗಿನ ವಸತಿಯ ನೆನಪು, ಸೆಟ್ಲಮೆಂಟ್ ಎಂಬ ಹೆಸರಿನಲ್ಲಿ ಆ ಊರಿನಲ್ಲಿ ಉಳಿದಿದೆ. ಸ್ವತಂತ್ರ ಭಾರತವು 1952 ರಲ್ಲಿ ಆ ಪಟ್ಟಿಯನ್ನು ಅಳಿಸಿತು. ಜನರ ನಾಲಗೆಯ ಮೇಲಿನ ಪಟ್ಟಿಯು ಅಷ್ಟು ಬೇಗನೆ ಅಳಿಯಲಿಲ್ಲ. ಮುಂದೆ ಅಮೆರಿಕದ ಸದರ್‌ಲ್ಯಾಂಡ್ ಪಂಡಿತನು, ಅಪರಾಧವು ರಕ್ತದಲ್ಲಿ ಬರುವದಲ್ಲ, ಸಹವಾಸದಲ್ಲಿ ಕಲಿಯುವದು ಎಂಬ ಸಿದ್ಧಾಂತವನ್ನು ಮಂಡಿಸಿದನು. ಹೀಗೆ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಶಾಸ್ತ್ರವನ್ನು ಓದುವದರಿಂದ ಮನಸ್ಸು ಕೆಡುವದೆಂದು ನಾನು ಒಪ್ಪಲಾರೆನು. ಓದದೆ ಪಟ್ಟಿ ಹಚ್ಚುವವರ ಮನಸ್ಸೇ ಮೊದಲು ಕೆಟ್ಟಿರುವದು.

ಸಾಕ್ಷಿಯ ನೆನಪಿನ ವಿಷಯವನ್ನೂ ಇಲ್ಲಿ ಹೇಳಬೇಕು. 1974 ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಎಂಬ ವಿದುಷಿಯು ಸಹೋದ್ಯೋಗಿಯೊಡನೆ ಒಂದು ಪ್ರಯೋಗವನ್ನು ಪ್ರಕಟಿಸಿದಳು. ಮೋಟಾರು ಗಾಡಿಗಳು ಡಿಕ್ಕಿ ಹೊಡೆಯುವ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸಿ, ಕೆಲವರನ್ನು ಗಾಡಿಗಳು ತಾಗಿದಾಗ ವೇಗವೆಷ್ಟಿತ್ತೆಂದೂ, ಕೆಲವರನ್ನು ಅಪ್ಪಳಿಸಿದಾಗ ವೇಗವೆಷ್ಟಿತ್ತೆಂದೂ ಕೇಳಿದಳು. ಅಪ್ಪಳಿಸಿದವೆಂಬ ಶಬ್ದವನ್ನು ಕೇಳಿದವರು ಹೆಚ್ಚಿನ ವೇಗವನ್ನು ಹೇಳಿದರು. ವಾರದ ಮೇಲೆ, ತಾಗಿದವೆಂಬ ಶಬ್ದವನ್ನು ಕೇಳಿದವರಿಗಿಂತ ಅವರಲ್ಲಿ ಹೆಚ್ಚು ಮಂದಿಯು ಚಿತ್ರದಲ್ಲಿ ಇಲ್ಲದೆಯೇ ಇದ್ದ ಒಡೆದ ಗಾಜನ್ನು ಕಂಡೆವೆಂದರು. ಅವರು ಸುಳ್ಳುಗಾರರಲ್ಲ. ಪ್ರಶ್ನೆಯ ಒಂದು ಕ್ರಿಯಾಪದವು ಅವರ ನೆನಪನ್ನೇ ತಿದ್ದಿತ್ತು. ಧಾತುಗಳ ಅರ್ಥಭೇದವನ್ನು ಜೀವಮಾನವೆಲ್ಲ ಪಾಠ ಹೇಳಿದ ನನಗೆ, ಕ್ರಿಯಾಪದಕ್ಕೆ ಇಷ್ಟು ಶಕ್ತಿಯುಂಟೆಂಬದು ರೋಮಾಂಚನವನ್ನು ತಂದಿತು. ಪಂಚಾಯತಿಯ ಕಟ್ಟೆಯ ಮೇಲೆ ಕುಳಿತು ಪ್ರಶ್ನೆ ಕೇಳುವ ನಮ್ಮ ಹಿರಿಯರೂ ಇದನ್ನು ತಿಳಿದಿರುವದು ಒಳ್ಳೆಯದು.

ಕೊನೆಗೆ ಅನ್ನದ ಮಾತು. ಇದನ್ನು ಹಗುರವಾಗಿ ಕಾಣಬಾರದು. ಮಕ್ಕಳನ್ನು ಓದಿಸುವವರ ಬೆವರೂ ಬೆವರೇ. ಬಿ. ಎ. ಪದವಿಯೊಂದರಿಂದಲೇ ಯಾರೂ ಮನೋರೋಗಿಗಳ ಚಿಕಿತ್ಸೆಗೆ ಅಧಿಕಾರಿಗಳಾಗುವದಿಲ್ಲ. ಸ್ನಾತಕೋತ್ತರ ಪದವಿಯನ್ನೂ ಅದರ ಮೇಲೆ ವಿಶೇಷ ಶಿಕ್ಷಣವನ್ನೂ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿಯೂ ಇಂಥ ಶಿಕ್ಷಣದ ಪರಂಪರೆಯಿದೆ. ದಾರಿಯು ದೀರ್ಘವಾದದ್ದು, ಮೂರು ವರ್ಷಗಳಲ್ಲಿ ಸಂಬಳವನ್ನು ಎಣಿಸುವವರು ಬೇರೆ ವಿಷಯವನ್ನು ಆರಿಸುವದೇ ಲೇಸು. ಆದರೆ ಕೆಲಸವಿಲ್ಲವೆಂಬದು ಸರಿಯಲ್ಲ. 2015 ರ ಬಾಲನ್ಯಾಯ ಕಾಯದೆಯಂತೆ, ಹದಿನಾರು ತುಂಬಿ ಹದಿನೆಂಟು ತುಂಬದ ಮಕ್ಕಳು ಘೋರ ಅಪರಾಧದಲ್ಲಿ ಸಿಕ್ಕಿದಾಗ, ಕೃತ್ಯದ ಪರಿಣಾಮವನ್ನು ಅರಿಯುವ ಶಕ್ತಿಯು ಆ ಮಗುವಿಗೆ ಇತ್ತೇ ಎಂಬದನ್ನು ಬಾಲನ್ಯಾಯ ಮಂಡಳಿಯು ಪರಿಶೀಲಿಸಬೇಕು. ಅದಕ್ಕೆ ಅನುಭವಿಗಳಾದ ಮಾನಸಶಾಸ್ತ್ರಜ್ಞರ ಸಹಾಯವನ್ನು ಪಡೆಯಬಹುದು. ಆ ಒಂದು ಪರಿಶೀಲನೆಯ ಮೇಲೆ, ಮಗುವು ಮಗುವಾಗಿ ಉಳಿಯುವದೋ ದೊಡ್ಡವರಂತೆ ವಿಚಾರಣೆಗೆ ಗುರಿಯಾಗುವದೋ ನಿಂತಿರುವದು. ಅಲ್ಲಿ ಕುಳಿತು ಕನ್ನಡದಲ್ಲಿ, ನಮ್ಮ ಸೀಮೆಯ ಆಡುಮಾತಿನಲ್ಲಿ, ಆ ಮಗುವನ್ನು ಮಾತಾಡಿಸಬಲ್ಲವರು ಬೇಡವೇ? ದೂರದ ಊರಿನವರಿಗೆ ನಮ್ಮ ಮಕ್ಕಳ ಮೌನವು ಮೊಂಡುತನವಾಗಿ ತೋರುವದು. ಅದು ಅಂಜಿಕೆಯೆಂದು ಇಲ್ಲಿಯವರಿಗೆ ಗೊತ್ತು.

ಇಷ್ಟನ್ನೂ ಮನೆಯಲ್ಲಿ ಹೇಳಿದೆನು. ನನ್ನ ಅಣ್ಣನು, ನಿನ್ನ ವಿಜ್ಞಾನೇಶ್ವರನು ವರನನ್ನು ಹುಡುಕಿ ಕೊಡುವನೇ ಎಂದು ಕೇಳಿದನು. ಉತ್ತರಕ್ಕೆ ನಾನು ಬಾಯಿ ತೆರೆಯುವದರೊಳಗಾಗಿ, ನ್ಯಾಯವನ್ನು ತಿಳಿದವಳನ್ನು ಒಲ್ಲೆನೆನ್ನುವ ವರನು ತನಗೆ ಬೇಡವೆಂದು ಮಗುವೇ ಅಂದಳು. ಆಮೇಲೆ ಆ ಪ್ರಶ್ನೆಯು ಏಳಲಿಲ್ಲ. ಅವಳ ಹೆಸರು ಧಾರವಾಡದಲ್ಲಿ ದಾಖಲಾಗಿದೆ.

ಈ ಎರಡು ಶಾಸ್ತ್ರಗಳನ್ನು ಓದುವ ಮಕ್ಕಳಿಗೆ ಒಂದು ಮಾತು. ಅರ್ಧ ಓದಿದವರಿಗೆ ಕಂಡಕಂಡವರ ಮುಖದಲ್ಲಿ ರೋಗವೂ ನಡೆಯಲ್ಲಿ ಅಪರಾಧವೂ ಕಾಣತೊಡಗುವವು. ವೈದ್ಯವನ್ನು ಓದತೊಡಗಿದವನಿಗೆ ಎಲ್ಲ ವ್ಯಾಧಿಗಳೂ ತನ್ನಲ್ಲಿಯೇ ಕಂಡಂತೆ. ಆದುದರಿಂದ ಮೊದಲು ಸಂಭಾವನೆ ಯಾವುದು, ನಿಶ್ಚಯ ಯಾವುದು ಎಂಬ ಭೇದವನ್ನು ಕಲಿಯಿರಿ. ಮಿಕ್ಕದ್ದೆಲ್ಲ ಪುಸ್ತಕದಲ್ಲಿ ಸಿಕ್ಕುವದು. ಹಿರಿಯರಲ್ಲಿಯೂ ನನ್ನ ಪ್ರಾರ್ಥನೆಯು ಇಷ್ಟೇ: ಮಕ್ಕಳು ಇಂಥ ವಿದ್ಯೆಯನ್ನು ಬಯಸಿದಾಗ ಕಳ್ಳರ ವಿದ್ಯೆಯೆಂದು ಹಳಿಯದಿರಿ. ಕಳ್ಳನಲ್ಲದವನನ್ನು ಕಳ್ಳನೆಂಬ ಮಾತಿನಿಂದ ಉಳಿಸುವ ವಿದ್ಯೆಯೂ ಅದೇ ಆಗಿರುವದು. ಇದನ್ನು ವಾಚಕ ಮಹಾಶಯರು ವಿಚಾರಿಸಿ ನೋಡಬೇಕೆಂದು ವಿನಂತಿಸಿ ವಿರಮಿಸುತ್ತೇನೆ. ಇತ್ಯಲಂ.